ಕೂಗು ತಲುಪುವ ಹೊತ್ತು

ನಮ್ಮೂರಿಗೆ ಹೊಸದಾಗಿ ಬಂದವರು ಮೊದಲ ವಾರ ನಮ್ಮನ್ನು ಕಿವುಡರೆಂದುಕೊಳ್ಳುತ್ತಿದ್ದರು, ಎರಡನೆಯ ವಾರ ಜಂಬದವರೆಂದುಕೊಳ್ಳುತ್ತಿದ್ದರು. ಮೂರನೆಯ ವಾರಕ್ಕೆ ಅವರೂ ನಮ್ಮ ಹಾಗೇ ಆಗಿರುತ್ತಿದ್ದರು. ಇಲ್ಲಿ ಆಡಿದ ಮಾತು ಆಡಿದ ಕೂಡಲೇ ತಲುಪುತ್ತಿರಲಿಲ್ಲ. ಅಡುಗೆಮನೆಯಲ್ಲಿ ಆಡಿದ್ದು ಜಗುಲಿಗೆ ಮುಟ್ಟಲು ಹಾಲುಕ್ಕುವಷ್ಟು ಹೊತ್ತು ಬೇಕು. ಎದುರುಮನೆಗೆ ಅನ್ನವಾಗುವಷ್ಟು. ನಮ್ಮ ಕುಂಬಾರಗೇರಿಯಿಂದ ಊರಾಚೆಯ ಕಬ್ಬಿಣದ ಫ್ಯಾಕ್ಟರಿಯ ಗೇಟಿಗಾದರೆ ಒಂದು ಹಗಲು, ಒಂದು ರಾತ್ರಿ. ಅಲ್ಲಿನ ಎರಡು ಚಿಮಣಿಗಳ ಹೊಗೆ ಊರ ಮೇಲೆ ಕೂತಂದಿನಿಂದ, ಅಂದರೆ ನನ್ನ ಅಜ್ಜನ ಕಾಲದಿಂದ, ಹೀಗೆ. ಕೂಗಿಗೆ ಕಾಲು ಗಟ್ಟಿ, ಹೇಗೋ ನೂಕಿಕೊಂಡು ಹೋಗುತ್ತದೆ. ಸಣ್ಣಪುಟ್ಟ ಸದ್ದುಗಳು ಹೊಗೆಯೊಳಗೆ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತವೋ, ಯಾವಾಗ ಹೊರಬರುತ್ತವೋ ಹೇಳಲಾಗದು.

ಹೊಂದಿಕೊಂಡಿದ್ದೆವು. ಸೊಪ್ಪು ಮಾರುವವನು ಹಿಂದಿನ ಸಂಜೆಯೇ ಬೀದಿಯ ತುದಿಯಲ್ಲಿ ನಿಂತು "ದಂಟೂ, ಮೆಂತ್ಯಾ" ಎಂದು ಕೂಗಿ ಮನೆಗೆ ಹೋಗುತ್ತಿದ್ದ. ಬೆಳಿಗ್ಗೆ ಅವನ ಕೂಗು ಬರುವ ಹೊತ್ತಿಗೆ ಅವನ ಗಾಡಿಯೂ ಬಂದಿರುತ್ತಿತ್ತು. ಮುಖ್ಯವಾದ ವಿಷಯವಿದ್ದರೆ ತಲೆಗೆ ತಲೆ ತಾಗಿಸಿ ಮಾತಾಡುತ್ತಿದ್ದೆವು. ಹೀಗಾಗಿ ಪರವೂರಿನವರ ಕಣ್ಣಿಗೆ ಊರಿಗೆ ಊರೇ ಏನೋ ಸಂಚು ಮಾಡುತ್ತಿರುವಂತೆ ಕಾಣುತ್ತಿತ್ತು. ಗಂಡಹೆಂಡಿರ ಜಗಳಕ್ಕೆ ಮಾತ್ರ ಈ ಗಾಳಿಯಿಂದ ಉಪಕಾರವಾಗಿತ್ತೆಂದು ನಾನು ಒಪ್ಪುತ್ತೇನೆ. ಒಮ್ಮೆ ನಾನು ಹಿತ್ತಲಿನಿಂದ ನನ್ನ ಗಂಡನಿಗೆ ಬೈದದ್ದು ಅವರು ಮಲ್ಲಿಗೆ ಹೂವು ತಂದುಕೊಟ್ಟ ಮೇಲೆ ಬಂದು ತಲುಪಿತು. ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು.

ಹೊಂದಿಕೊಳ್ಳಲಾಗದವಳು ನನ್ನ ಮಗಳು ಚಂಪಾ. ಎಂಟು ವರ್ಷದ ಹುಡುಗಿಗೆ ಉಬ್ಬಸ. ಬೀದಿಯ ಮಕ್ಕಳು ಓಡುತ್ತಿದ್ದರೆ ಇವಳು ಜಗುಲಿಯ ಕಂಬ ಹಿಡಿದು ನಿಂತು ನೋಡುವಳು. ಒಂದು ವಾಕ್ಯ ಹೇಳಿ ಮುಗಿಸುವಷ್ಟರಲ್ಲಿ ಎರಡು ಸಲ ನಿಲ್ಲುವಳು. ಡಾಕ್ಟರು ಸ್ಟೆಥಾಸ್ಕೋಪು ಮಡಚಿಡುತ್ತ, "ಈ ಗಾಳೀಲಿ ಔಷಧಿ ಏನ್ ಕೆಲಸ ಮಾಡುತ್ತೆ ಹೇಳಿ ಇಂದುಮತಿ. ಮಗೂನ ಬೇರೆ ಊರಿಗೆ ಕಳಿಸ್ಬಿಡಿ" ಎಂದರು. ನನ್ನ ಗಂಡ ಮರಿಸ್ವಾಮಿ ಕೆಲಸಕ್ಕಿದ್ದದ್ದು ಅದೇ ಫ್ಯಾಕ್ಟರಿಯ ಕುಲುಮೆಯಲ್ಲಿ. ಬೇರೆ ಕಡೆ ನಮಗೆ ಅನ್ನವಿರಲಿಲ್ಲ. ಅವರ ಅಕ್ಕ ಸೋಮಕ್ಕ ದೂರದ ಬೆಟ್ಟದೂರಿನಲ್ಲಿದ್ದರು, ಅಲ್ಲಿಯೇ ಇವರೂ ಹುಟ್ಟಿ ಬೆಳೆದದ್ದು. ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ತಾವೇ ಬಂದು ಚಂಪಾಳನ್ನು ಕರೆದುಕೊಂಡು ಹೋಗುವುದಾಗಿ ಹೇಳಿಕಳಿಸಿದರು. ಇನ್ನು ಮುಂದೆ ಅವಳ ಶಾಲೆ, ಊಟ, ಜಡೆ ಎಲ್ಲ ಅತ್ತೆಯ ಮನೆಯಲ್ಲೇ. ನಾನು ಹೂಂ ಅಂದೆ. ಅಂದು ಬಂದು ಅಕ್ಕಿ ಕೇರುತ್ತ ಕೂತರೆ ಮೊರ ಕಾಣಿಸದಷ್ಟು ಅಳು.

ಅತ್ತು ಸುಮ್ಮನಾಗುವ ಜಾತಿಯವಳಲ್ಲ ನಾನು. ಸೀದಾ ಜುಬೇದಕ್ಕನ ಹಿಟ್ಟಿನ ಗಿರಣಿಗೆ ಹೋದೆ. ಗಿರಣಿಯ ಯಜಮಾನಿ ಜುಬೇದಕ್ಕ ನಮ್ಮೂರ ಗಾಳಿ ಹೋರಾಟದ ತಾಯಿಬೇರು. ಅವರು ಬೀಸಿದ ಅಕ್ಕಿಹಿಟ್ಟು ಕಿಟಕಿಯಿಂದ ಬೀಳುವ ಮಸಿಗೆ ರಾಗಿಹಿಟ್ಟಿನ ಬಣ್ಣಕ್ಕೆ ತಿರುಗುತ್ತಿತ್ತು. ಗಿರಾಕಿಗಳು ಬೈದುಕೊಂಡು ಹೋಗುತ್ತಿದ್ದರು. ಡಬ್ಬಿ ಹಿಡಿದು ಸರದಿಗೆ ಕಾದಿರುವ ಹೆಂಗಸರನ್ನೆಲ್ಲ ಒಟ್ಟುಗೂಡಿಸಿ ಅವರು ಸಂಘ ಕಟ್ಟಿದ್ದರು. ಚಿಮಣಿಗೆ ಹೊಗೆ ಸೋಸುವ ಯಂತ್ರ ಹಾಕಬೇಕು, ಇಷ್ಟೇ ನಮ್ಮ ಬೇಡಿಕೆ.

ಆ ಬೇಡಿಕೆಯನ್ನು ಮುಟ್ಟಿಸುವುದೇ ಕಷ್ಟವಾಗಿತ್ತು. ನಾವು ಗೇಟಿನ ಮುಂದೆ ಗಂಟಲು ಹರಿದುಕೊಂಡು ಘೋಷಣೆ ಕೂಗುವೆವು. ಮ್ಯಾನೇಜರ ಕೋಣೆ ಅಂಗಳದಾಚೆ, ಹೊಗೆಯ ನಡುಮಧ್ಯದಲ್ಲಿ. ಕೂಗು ಅಲ್ಲಿಗೆ ಹೋಗುವಷ್ಟರಲ್ಲಿ ಅವರು ಕಾರು ಹತ್ತಿ ಮನೆಗೆ ಹೋಗಿರುತ್ತಿದ್ದರು. ಮನುಷ್ಯ ಬಲು ಮರ್ಯಾದಸ್ಥ. ಪ್ರತಿ ಸಲವೂ ಗೇಟಿನ ತನಕ ನಡೆದು ಬಂದು, ಜುಬೇದಕ್ಕನ ಕಿವಿಯ ಹತ್ತಿರ ಬಗ್ಗಿ, "ತಮ್ಮ ಘೋಷಣೆ ಇನ್ನೂ ನಮಗೆ ತಲುಪಿಲ್ಲ ತಾಯಿ. ತಲುಪಿದ ಮೇಲೆ ಖಂಡಿತ ಮೇಲಿನವರಿಗೆ ತಿಳಿಸ್ತೀನಿ" ಎನ್ನುತ್ತಿದ್ದರು. ತಲುಪಿದಾಗ ಕೇಳಿಸಿಕೊಳ್ಳುತ್ತಿದ್ದವನು ರಾತ್ರಿಪಾಳಿಯ ಕಾವಲುಗಾರ ಒಬ್ಬನೇ. ಅವನಿಗೆ ನಮ್ಮ ಘೋಷಣೆಗಳೆಲ್ಲ ಬಾಯಿಪಾಠವಾಗಿದ್ದವು.

ಹಾಗಿರುವಾಗ ಸುದ್ದಿ ಬಂತು. ನಮ್ಮ ಅರ್ಜಿಗಳಲ್ಲಿ ಯಾವುದೋ ಒಂದು ಯಾರದೋ ಮೇಜಿನ ಮೇಲೆ ಬಿದ್ದು, ಗಾಳಿ ತಪಾಸಣೆ ಮಾಡುವ ಮಹಿಳಾ ಅಧಿಕಾರಿಯೊಬ್ಬರು ಸೋಮವಾರ ಮಧ್ಯಾಹ್ನ ಬರುವುದೆಂದು ಗೊತ್ತಾಯಿತು. ಸೋಮಕ್ಕ ಬರುವುದು ಮಂಗಳವಾರ. ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಗಿರಣಿಯಲ್ಲಿ ಎಲ್ಲರ ತಲೆಗಳೂ ಒಂದೆಡೆ ಸೇರಿದವು.

"ಎಲ್ಲಾ ಬೀದಿ ಕೂಗೂ ಒಂದೇ ಸಲ ಗೇಟಿಗೆ ಬರ್ಬೇಕು. ಆ ಅಮ್ಮ ಜೀಪಿಂದ ಇಳೀತಿದ್ದಂಗೆ ಇಡೀ ಊರು ಕಿವಿ ಮೇಲೆ ಬೀಳ್ಬೇಕು" ಎಂದರು ಜುಬೇದಕ್ಕ.

ಹೇಗೆಂದು ಯಾರೂ ಕೇಳಲಿಲ್ಲ. ನಮ್ಮೂರವರಿಗೆ ಅದು ಬಿಡಿಸಿ ಹೇಳಬೇಕಾದ ವಿಷಯವಲ್ಲ. ಎಲ್ಲಕ್ಕಿಂತ ದೂರ ನಮ್ಮ ಕುಂಬಾರಗೇರಿ, ನಾವು ಭಾನುವಾರ ಮಧ್ಯಾಹ್ನವೇ ಕೂಗಬೇಕು. ಸಂತೆಬೀದಿಯವರು ಸಂಜೆ, ಮಸೀದಿ ಓಣಿಯವರು ಬೆಳಗಿನ ಜಾವ. ಫ್ಯಾಕ್ಟರಿಗೆ ಅಂಟಿಕೊಂಡಂತಿರುವ ಲೈನುಮನೆಯವರು ತಿಂಡಿ ತಿಂದು ಕೈತೊಳೆದು ಕೂಗಿದರೆ ಸಾಕು. ಏನು ಕೂಗುವುದೆಂಬುದಕ್ಕೆ ಮಾತ್ರ ಜಗಳವಾಯಿತು. ಒಬ್ಬರು ನಾಲ್ಕು ಸಾಲಿನ ಪದ್ಯವನ್ನೇ ಕಟ್ಟಿಕೊಂಡು ಬಂದಿದ್ದರು. ಜುಬೇದಕ್ಕ ಕೇಳಿಸಿಕೊಂಡು, "ಇಷ್ಟುದ್ದ ಹೇಳೋಕೆ ಉಸಿರಿದ್ದಿದ್ರೆ ನಾವ್ಯಾಕೆ ಹೋರಾಟ ಮಾಡ್ತಿದ್ವಿ" ಎಂದರು. ಕೊನೆಗೆ "ನಮ್ಮ ಉಸಿರು ಕೊಡಿ" ಎಂಬ ಮೂರೇ ಮಾತು ಉಳಿದವು.

ತಾಲೀಮು ಕೂಡ ಮಾಡಿದೆವು. ಮೂರು ಬೀದಿಯವರು ತಮ್ಮ ತಮ್ಮ ಹೊತ್ತಿಗೆ ತಟ್ಟೆ ಬಡಿದರು. ಜುಬೇದಕ್ಕ ಬುತ್ತಿ ಕಟ್ಟಿಕೊಂಡು ಹೋಗಿ ಗೇಟಿನ ಮುಂದೆ ಸ್ಟೂಲು ಹಾಕಿಕೊಂಡು ಕೂತರು. ಮರುದಿನ ಮೂರೂ ಬೀದಿಯ ತಟ್ಟೆಗಳ ಸದ್ದು ಕೂಡಿಕೊಂಡು ಒಟ್ಟಿಗೆ ಬಂದು ಎರಗಿದಾಗ ಕಾವಲುಗಾರನ ಬಾಯಿಂದ ಬೀಡಿ ಬಿದ್ದುಹೋಯಿತಂತೆ. ಜುಬೇದಕ್ಕ ಸ್ಟೂಲು ತಲೆಯ ಮೇಲಿಟ್ಟುಕೊಂಡು ನಗುನಗುತ್ತ ಬಂದರು. ಆ ವಾರವೆಲ್ಲ ಊರಿಗೆ ಮದುವೆಮನೆಯ ಕಳೆ. ಕಂಡಕಂಡವರು ಗಂಟಲಿಗೆ ಜೇನು, ಶುಂಠಿ, ಕರಿಮೆಣಸು ಎಂದು ಸಲಹೆ ಕೊಡುವವರೇ.

ಶನಿವಾರ ಸಂಜೆ ಪಾಳಿಗೆ ಹೋದ ನನ್ನ ಗಂಡ ಭಾನುವಾರ ಬೆಳಿಗ್ಗೆ ಮನೆಗೆ ಬರಲಿಲ್ಲ. ಅಧಿಕಾರಿ ಬರುತ್ತಾರೆಂದು ಗೋಡೆಗೆ ಸುಣ್ಣ ಬಳಿಸುತ್ತಿರಬೇಕೆಂದುಕೊಂಡೆ. ಫ್ಯಾಕ್ಟರಿಯ ಒಳಗೆ ಹೋಗುವಾಗ ಫೋನನ್ನು ಗೇಟಿನಲ್ಲೇ ಕೊಟ್ಟು ಹೋಗಬೇಕು. ಹಾಗಾಗಿ ವಿಚಾರಿಸುವಂತಿರಲಿಲ್ಲ. ವಿಚಾರಿಸಲು ನನಗೆ ಪುರಸೊತ್ತೂ ಇರಲಿಲ್ಲ ಅನ್ನಿ. ಮಧ್ಯಾಹ್ನಕ್ಕೆ ಕುಂಬಾರಗೇರಿಯ ಹೆಂಗಸರು, ಗಂಡಸರು, ಕೋಲೂರಿ ನಡೆಯುವ ಮುದುಕರು, ಎಲ್ಲ ಮಾಳಿಗೆಗಳ ಮೇಲೆ. ಮೊದಲ ಕೂಗು ನೋಡಲೆಂದು ಜುಬೇದಕ್ಕನೂ ನಮ್ಮ ಮಾಳಿಗೆಗೆ ಬಂದಿದ್ದರು. ಚಂಪಾ ನನ್ನ ಸೆರಗು ಹಿಡಿದು, "ನಾನೂ ಕೂಗ್ತೀನಮ್ಮ" ಎಂದಳು. ಜುಬೇದಕ್ಕ ಕೈ ಎತ್ತಿ ಇಳಿಸಿದರು. ನಾವು ಕೂಗಿದೆವು. ಹೊಟ್ಟೆಯ ತಳದಿಂದ, ಕರುಳು ಕಿತ್ತು ಬರುವ ಹಾಗೆ ಕೂಗಿದೆವು. ಚಂಪಾ "ನಮ್ಮ ಉಸಿ" ಎನ್ನುವಷ್ಟರಲ್ಲಿ ಕೆಮ್ಮು ಬಂದು ಕೂತುಬಿಟ್ಟಳು.

ನಾವಿನ್ನೂ ಬಾಯಿ ಮುಚ್ಚಿರಲಿಲ್ಲ, ಫ್ಯಾಕ್ಟರಿಯ ಕಡೆಯಿಂದ ಯಾರೋ ನಮ್ಮತ್ತ ಕೂಗಿದರು.

"ನಮ್ಮ ಉಸಿರು ಕೊಡಿ."

ಎಲ್ಲರೂ ಮುಖ ಮುಖ ನೋಡಿಕೊಂಡೆವು. ಅಂಥದ್ದನ್ನು ನಾವು ಹುಟ್ಟಿದಂದಿನಿಂದ ಕೇಳಿರಲಿಲ್ಲ. ಜುಬೇದಕ್ಕ ಸೊಂಟದ ಮೇಲೆ ಕೈಯಿಟ್ಟುಕೊಂಡು, "ಅಲ್ಲಾ, ಇವ್ರ ಧೈರ್ಯ ನೋಡ್ರೇ. ನಮ್ಮದನ್ನ ಕಿತ್ಕೊಂಡೋರು ನಮ್ಮನ್ನೇ ಕೇಳ್ತಾರಾ?" ಎಂದರು. ನಮಗೆ ರೋಷ ಉಕ್ಕಿತು. "ನೀವು ಕೊಡಿ" ಎಂದು ಕೂಗಿದೆವು. ಅವರೂ ಬಿಡಲಿಲ್ಲ, "ನೀವು ಕೊಡಿ" ಎಂದರು. "ನಾಚಿಕೆ ಆಗಲ್ವಾ" ಎಂದೆವು. ಅದನ್ನೂ ತಿರುಗಿಸಿ ನಮಗೇ ಅಂದರು. ಗದ್ದಲಕ್ಕೆ ಸಂತೆಬೀದಿಯವರೂ ಮಸೀದಿ ಓಣಿಯವರೂ ಮಾಳಿಗೆ ಹತ್ತಿದರು. ತಮ್ಮ ತಮ್ಮ ಹೊತ್ತನ್ನು ಮರೆತು ನಮ್ಮ ಪರವಾಗಿ ಬೈಯಲು ನಿಂತರು. ಇಡೀ ಊರು ಸೇರಿ ಫ್ಯಾಕ್ಟರಿಯೊಡನೆ ವಾದಕ್ಕಿಳಿಯಿತು. ನಾವು ಎಷ್ಟು ಜೋರಾದೆವೋ ಅವರೂ ಅಷ್ಟೇ ಜೋರಾದರು. ಗಂಟಲು ಕಟ್ಟಿ ಸ್ವರ ಹೊರಡದಂತಾದ ಮೇಲೆಯೇ ನಾವು ನಿಲ್ಲಿಸಿದ್ದು. ಕೂಡಲೇ ಅವರೂ ನಿಲ್ಲಿಸಿದರು. ಗೆದ್ದೆವೆಂದುಕೊಂಡು ಜುಬೇದಕ್ಕ ಎಲ್ಲರಿಗೂ ಬೆಲ್ಲ ಹಂಚಿದರು.

ಬೆಲ್ಲ ಇನ್ನೂ ಬಾಯಲ್ಲಿತ್ತು, ಮರಿಸ್ವಾಮಿ ಬೆವರು ಸುರಿಸುತ್ತ ಓಡಿಬಂದರು. ಬೀದಿಯ ತುದಿಯಿಂದಲೇ ಅವರು "ಇಂದೂ" ಎಂದದ್ದು ಅಂದ ಕ್ಷಣವೇ ನನಗೆ ಕೇಳಿಸಿತು. ನಾನು ಧಡಧಡನೆ ಮಾಳಿಗೆ ಇಳಿದೆ.

"ರಾತ್ರೀನೇ ಕುಲುಮೆ ಆರಿಸ್ಬಿಟ್ರು ಕಣೆ. ಆ ಮೇಡಂ ಬಂದು ಹೋಗೋವರ್ಗೂ ಹೊಗೆ ಇಲ್ಲ. ನಮ್ಮನ್ನ ಹೊರಗೆ ಬಿಡ್ದೆ ನೆಲ ತೊಳಿಸಿದ್ರು. ನೋಡು, ಆಕಾಶ ನೀಲಿ ಇದೆ" ಎಂದರು. ಕೂಗುವ ಭರದಲ್ಲಿ ನಾವು ಯಾರೂ ತಲೆಯೆತ್ತಿ ಮೇಲೆ ನೋಡಿರಲಿಲ್ಲ.

"ಮತ್ತೆ ಅಲ್ಲಿಂದ ಕೂಗ್ತಿದ್ದೋರು ಯಾರು?" ಎಂದು ಕೇಳಿದೆ.

"ಯಾರೂ ಇಲ್ಲ. ಅದು ಪ್ರತಿಧ್ವನಿ. ಗೋಡೌನ್ ಗೋಡೆಗೆ ಬಡಿದು ವಾಪಸ್ ಬರ್ತಿತ್ತು. ನಮ್ಮೂರ ಬೆಟ್ಟದತ್ರ ನಾವು ಹುಡುಗ್ರು ದಿನಾ ಹೀಗೇ ಆಡ್ತಿದ್ವಿ."

ಅಷ್ಟು ಹೊತ್ತೂ ನಾವು ನಮ್ಮೊಡನೆಯೇ ಜಗಳವಾಡಿದ್ದೆವು. ಅದಕ್ಕೆ ಬೆಲ್ಲವನ್ನೂ ತಿಂದಿದ್ದೆವು. ಇಡೀ ಊರಿನ ಕೂಗು ಒಂದು ದಿನ ಮೊದಲೇ ಹೋಗಿ ಸುಣ್ಣ ಬಳಿದ ಗೋಡೆಗೆ ಬಡಿದು ಖರ್ಚಾಗಿತ್ತು, ಉಳಿದದ್ದು ಕಟ್ಟಿದ ಗಂಟಲು. ಜುಬೇದಕ್ಕ ಮಾಳಿಗೆಯ ಮೆಟ್ಟಿಲ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡರು. ನಾನು ಚಂಪಾಳ ಬಟ್ಟೆಗಳನ್ನು ಮಡಚತೊಡಗಿದೆ.

ಆದರೂ ಸೋಮವಾರ ಮಧ್ಯಾಹ್ನ ಊರೆಲ್ಲ ಗೇಟಿನ ಮುಂದೆ ಸೇರಿತ್ತು. ಚಂಪಾಳನ್ನೂ ಕರೆದುಕೊಂಡು ಹೋಗಿದ್ದೆ. ಅಧಿಕಾರಿ ವಾರಿಜಾ ಮೇಡಂ ಜೀಪಿನಿಂದ ಇಳಿದರು. ತೆಳ್ಳಗಿನ ಹೆಂಗಸು, ಕೈಯಲ್ಲಿ ಗಾಳಿ ಅಳೆಯುವ ಪೆಟ್ಟಿಗೆ. ನಾವು ಘೋಷಣೆ ಕೂಗಲು ನೋಡಿದೆವು. ಒಟ್ಟಿಗೆ, ಅದೇ ಕ್ಷಣದಲ್ಲಿ ಕೂಗುವ ಅಭ್ಯಾಸ ನಮ್ಮಲ್ಲಿ ಯಾರಿಗಿದೆ? ಹೊಗೆಯಲ್ಲಿ ಪಕ್ಕದವರ ಕೂಗು ಕೇಳಿಸದೆ ಒಬ್ಬೊಬ್ಬರೂ ತಮ್ಮ ತಮ್ಮ ಹೊತ್ತಿಗೆ ಕೂಗಿ ರೂಢಿ. ಇವರು "ನಮ್ಮ" ಅನ್ನುವಾಗ ಅವರು "ಕೊಡಿ" ಅಂದರು. ಕಟ್ಟಿದ ಗಂಟಲಿನಿಂದ ಹೊರಟದ್ದು ಕಪ್ಪೆಗಳ ವಟವಟ. ಸರಿ, ಹೇಳಿಯೇಬಿಡೋಣವೆಂದು ಮೇಡಮ್ಮನವರ ಮುಖಕ್ಕೆ ಮುಖ ತಾಗಿಸಿ ಹತ್ತಾರು ಜನ ಒಮ್ಮೆಗೇ ಮಾತಾಡಹೋದೆವು. ಅವರು ಹೆದರಿ ಹಿಂದಕ್ಕೆ ಸರಿದರು.

"ದೂರ ನಿಂತು ಹೇಳ್ರಮ್ಮ. ಮಾತು ತಡವಾಗಿ ಮುಟ್ಟುತ್ತೆ ಅಂತ ಅರ್ಜೀಲಿ ಬರೆದಿದೀರಿ. ನನಗೆ ಚೆನ್ನಾಗೇ ಕೇಳಿಸ್ತಿದೆಯಲ್ಲ" ಎಂದರು.

ಮ್ಯಾನೇಜರು ವಿನಯದಿಂದ ಕೈಜೋಡಿಸಿ ನಿಂತಿದ್ದರು. ಅವರ ಹಿಂದೆ ಹೊಸ ಹೂಕುಂಡಗಳ ಸಾಲು. ಪೆಟ್ಟಿಗೆಯ ಮುಳ್ಳು ನೆಟ್ಟಗೆ ತಳದಲ್ಲಿ ಕೂತಿತ್ತು. ಮೇಡಂ ಅದನ್ನು ಬರೆದುಕೊಳ್ಳಲು ಪೆನ್ನು ತೆಗೆದರು. ನನ್ನ ಮಗಳು ನಾಳೆ ಹೋಗುತ್ತಾಳೆ, ಅದು ಖಚಿತವೆನಿಸಿತು. ಅವಳ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದೆ.

ಆಗ ಯಾರೋ ಕೆಮ್ಮಿದರು.

ನಾನು ಚಂಪಾಳನ್ನು ನೋಡಿದೆ. ಅವಳಲ್ಲ. ಮತ್ತೊಂದು ಕೆಮ್ಮು, ಹಿಂದೆಯೇ ಇನ್ನೆರಡು. ಎಡಗಡೆಯಿಂದ, ಬಲಗಡೆಯಿಂದ, ತಲೆಯ ಮೇಲಿನಿಂದ. ಒಣಕೆಮ್ಮು, ಕಫದ ಕೆಮ್ಮು, ಬಾಯಿಗೆ ಬಟ್ಟೆಯಿಟ್ಟು ಕೆಮ್ಮಿದ್ದು, ಯಾರಿಗೂ ಎಚ್ಚರವಾಗದಿರಲೆಂದು ಅದುಮಿಕೊಂಡದ್ದು. ಮೇಡಂ ಸುತ್ತ ತಿರುಗಿ ನೋಡಿದರು. ನೂರಾರು ಜನ ನಿಂತಿದ್ದೆವು, ಒಬ್ಬರ ಬಾಯಿಯೂ ತೆರೆದಿರಲಿಲ್ಲ. ಕೆಮ್ಮು ಮಾತ್ರ ಏರುತ್ತಲೇ ಹೋಯಿತು.

ಹೋರಾಟದ ವರ್ಷಗಳೆಲ್ಲ ನಾವು ಕೂಗಿನ ಲೆಕ್ಕ ಹಾಕಿದ್ದೆವೇ ಹೊರತು ಕೆಮ್ಮಿನ ಯೋಚನೆ ಯಾರಿಗೂ ಬಂದಿರಲಿಲ್ಲ. ಅದು ಯಾರಿಗೂ ಹೇಳಲೆಂದು ಹೊರಟ ಸದ್ದಲ್ಲ. ಮನೆಮನೆಯಿಂದ ಹೊರಟು ಹೊಗೆಯೊಳಗೆ ಸಿಕ್ಕಿಕೊಂಡು ಅಲ್ಲೇ ಇತ್ತು. ಎರಡು ದಿನ ಗಾಳಿ ತಿಳಿಯಾದದ್ದೇ ತಡ, ಎಲ್ಲ ಬಿಡಿಸಿಕೊಂಡು ಬಂದಿತ್ತು.

"ಯಾರು ಕೆಮ್ತಿರೋದು?" ಎಂದರು ಮೇಡಂ.

ನನಗೆ ಎಲ್ಲಿಂದ ಧೈರ್ಯ ಬಂತೋ. "ಇವತ್ತಿನದಲ್ಲ ಮೇಡಂ. ಎಲ್ಲಾ ಹಳೇದು" ಎಂದೆ. "ಇದು ಜುಬೇದಕ್ಕನ ಯಜಮಾನ್ರದ್ದು, ಅವ್ರು ತೀರ್ಕೊಂಡು ಬಾಳಾ ದಿನ ಆಯ್ತು. ಇದು ಮಸೀದಿ ಓಣಿ ಕಡೆಯೋರದ್ದು, ಹೆಸರು ಗೊತ್ತಿಲ್ಲ. ಇದು…" ಎನ್ನುತ್ತ ಕಿವಿಗೊಟ್ಟೆ. ಆ ಕೆಮ್ಮಿನ ಕೊನೆಗೆ ಒಂದು ಸಣ್ಣ ನರಳಿಕೆಯಿತ್ತು. ನನ್ನ ಅಪ್ಪನದು. ಅವರೂ ಇದೇ ಕುಲುಮೆಯಲ್ಲಿ ದುಡಿದು ಎದೆ ಕೆಡಿಸಿಕೊಂಡವರು. ನಾನು ನಿಂತಲ್ಲೇ ಅತ್ತೆ. ಜುಬೇದಕ್ಕನಂತೂ ಕಣ್ಣು ಮುಚ್ಚಿಕೊಂಡು, ಗಂಡನ ಕೆಮ್ಮು ಬಂದಾಗಲೆಲ್ಲ ಅತ್ತ ಕಿವಿ ತಿರುಗಿಸುತ್ತಿದ್ದರು.

ಆಮೇಲೆ ಒಂದು ಪುಟ್ಟ ಕೆಮ್ಮು ಬಂತು. ನಡುವೆ ಉಸಿರಿಗೆ ತಡಕಾಡುವ ಸೀಟಿಯಂಥ ಸದ್ದು. ನಿಲ್ಲುವುದು, ಮತ್ತೆ ಶುರುವಾಗುವುದು. ಚಂಪಾ ತಲೆಯೆತ್ತಿ ಕೇಳಿಸಿಕೊಂಡು, "ಅಮ್ಮ, ಅದು ನಾನಾ?" ಎಂದಳು.

ಮೇಡಂ ಅವಳನ್ನು ನೋಡಿದರು. ಪೆನ್ನಿನ ಮುಚ್ಚಳ ಹಾಕಿ ಕಿಸೆಗಿಟ್ಟರು. ಮ್ಯಾನೇಜರ ಕಡೆ ತಿರುಗಿ, "ಕುಲುಮೆ ಹಚ್ಚಿಸಿ" ಎಂದರು.

"ಅದು ಕಾಯೋಕೆ ಬಹಳ ಹೊತ್ತಾಗುತ್ತೆ ಮೇಡಂ. ತಮಗೆ ಸುಮ್ನೆ ತೊಂದರೆ."

"ನನಗೇನು ಅವಸರ ಇಲ್ಲ."

ಲೈನುಮನೆಯವರು ಕುರ್ಚಿ ತಂದರು. ಮೇಡಂ ಗೇಟಿನ ಬಳಿ ನಮ್ಮ ನಡುವೆಯೇ ಕೂತರು. ಜುಬೇದಕ್ಕನ ಬುತ್ತಿಯಿಂದ ರೊಟ್ಟಿ ತಿಂದರು. ನನ್ನ ಗಂಡ ಮತ್ತು ಅವರ ಪಾಳಿಯವರು ಒಳಗೆ ಹೋಗಿ ಬೆಂಕಿ ಹಚ್ಚಿದರು. ಸಂಜೆಯ ಹೊತ್ತಿಗೆ ಎರಡೂ ಚಿಮಣಿಗಳು ಹೊಗೆ ಕಕ್ಕಿದವು. ಅದು ಇಳಿದು ಅಂಗಳವನ್ನು ತುಂಬಿ ಹೂಕುಂಡಗಳ ಬಣ್ಣವನ್ನು ಕೆಡಿಸಿತು. ಕೆಮ್ಮುಗಳು ಒಂದೊಂದಾಗಿ ಅಡಗಿದವು. ಪೆಟ್ಟಿಗೆಯ ಮುಳ್ಳು ಆ ತುದಿಗೆ ಹೋಗಿ ಬಡಿದು ನಿಂತಿತು. ಮ್ಯಾನೇಜರು ಅಂಗಳದಾಚೆ ಕುಲುಮೆಯ ಬಾಗಿಲಲ್ಲಿದ್ದರು. ಮೇಡಂ ಎದ್ದು ನಿಂತು, ಅವರತ್ತ ಕೈ ತೋರಿ, ಏನೋ ಹೇಳಿದರು.

ಪಕ್ಕದಲ್ಲಿದ್ದ ನಮಗೇ ಅದು ಕೂಡಲೇ ಕೇಳಿಸಲಿಲ್ಲ. ಆದರೆ ತುಟಿ ಓದುವುದರಲ್ಲಿ ನಮ್ಮೂರಿನವರನ್ನು ಮೀರಿಸುವವರಿಲ್ಲ. ಮೇಡಂ ಅಂದದ್ದು "ನಿಲ್ಲಿಸಿ". ಅದು ಎಲ್ಲರಿಗೂ ಗೊತ್ತಾಯಿತು, ಮ್ಯಾನೇಜರನ್ನು ಬಿಟ್ಟು. ಅವರು ದೂರದಿಂದ ಮೊದಲಿನ ಹಾಗೇ ನಗುತ್ತ ಕೈಜೋಡಿಸಿದರು. ಮೇಡಂ ಇನ್ನೊಮ್ಮೆ ಹೇಳಿದರು. ಬೆರಗಾಗಿ ತಮ್ಮ ಗಂಟಲನ್ನೇ ಮುಟ್ಟಿ ನೋಡಿಕೊಂಡರು. ಜುಬೇದಕ್ಕ ಅವರ ಕಿವಿಗೆ ಬಾಯಿಟ್ಟು, "ಕಾಯ್ಬೇಕು ಮೇಡಂ. ಹೊರಟಿದೆ, ಹೋಗ್ತಾ ಇದೆ" ಎಂದರು.

ಆ ಕಾಯುವಿಕೆಯನ್ನು ನಾನು ಹೇಗೆ ಹೇಳಲಿ. ಊರಿಗೆ ಊರೇ ಉಸಿರು ಬಿಗಿಹಿಡಿದು, ಒಂದು ಮಾತು ಅಂಗಳ ದಾಟುವುದನ್ನು ಕಣ್ಣಿಗೆ ಕಾಣುತ್ತಿದೆಯೇನೋ ಎಂಬಂತೆ ನೋಡುತ್ತ ನಿಂತಿತ್ತು. ಈಗ ಲಾರಿಯ ಹತ್ತಿರ ಬಂದಿರಬೇಕು ಎಂದು ಒಬ್ಬರು ಬೆರಳು ತೋರಿದರು. ಈಗ ತೂಕದ ಕಟ್ಟೆಯ ಹತ್ತಿರ. ಮ್ಯಾನೇಜರು ಟೀ ತರಿಸಿದರು, ಕುಡಿದರು, ಲೋಟ ಕೆಳಗಿಟ್ಟರು. ಬಗ್ಗಿದವರು ಹಾಗೇ ನಿಂತರು. ಅವರ ನಗು ಮೆಲ್ಲಗೆ ಇಳಿಯಿತು. ತಲುಪಿತ್ತು. ನಾವು ಕುಣಿದೆವು. ನಮ್ಮ ಕೇಕೆ ನಮಗೇ ಆಮೇಲೆ ಕೇಳಿಸಿತು.

ಹೊಗೆ ಸೋಸುವ ಯಂತ್ರ ಕೂರಿಸುವ ತನಕ ಕುಲುಮೆಗೆ ಬೀಗ ಎಂದು ಮೇಡಂ ಅಲ್ಲೇ ಬರೆದು ಅಂಟಿಸಿ ಹೋದರು. ಯಂತ್ರ ಕೂರಿಸುವ ಕೆಲಸಕ್ಕೆ ತಮ್ಮನ್ನೇ ಹಚ್ಚುತ್ತಾರೆಂದು ನನ್ನ ಗಂಡ ಹೇಳಿದರು.

ಹೊಗೆ ರಾತ್ರಿಯೇ ಚದುರಿತ್ತು. ಮಂಗಳವಾರ ಬೆಳಗಿನ ಬಸ್ಸಿನಿಂದ ಸೋಮಕ್ಕ ಇಳಿದರು. ಅದೇ ಬಸ್ಸು ಕೆರೆ ಸುತ್ತಿಕೊಂಡು ಹಿಂದಿರುಗುವಾಗ ಮಗುವಿನೊಡನೆ ಹತ್ತುವುದೆಂದು ಅವರು ನಿಶ್ಚಯಿಸಿಕೊಂಡು ಬಂದಿದ್ದರು. ನಡೆದದ್ದನ್ನು ಹೇಳಿದೆ. ಕೇಳಿ ಸಂತೋಷಪಟ್ಟರು. ಆದರೆ ಅವರು ಲೋಕ ಕಂಡವರು.

"ಬೀಗ ಹಾಕಿದ್ದನ್ನ ತೆಗೆಯೋಕೂ ಆಗುತ್ತೆ ಇಂದು. ಕೋರ್ಟು ಕಚೇರಿ ಅಂತ ಅವರು ಓಡಾಡಲ್ವಾ? ನಾಳೆ ಮತ್ತೆ ಹೊಗೆ ಬಂದ್ರೆ? ನೀನು ತಾಯಿ, ಯೋಚ್ನೆ ಮಾಡಿ ಹೇಳು" ಎಂದರು.

ನಾನು ಗಂಡನ ಮುಖ ನೋಡಿದೆ. ಅವರು, "ನೀನು ಹೇಳಿದ ಹಾಗೆ" ಎಂದರು. ಫ್ಯಾಕ್ಟರಿಗೆ ಕೂಗಿ ಹೇಳಿದವಳಿಗೆ ಈ ಒಂದು ಮಾತು ಬಾಯಿಗೆ ಬರಲಿಲ್ಲ. ಕಳಿಸಿದರೆ ಮಗಳಿಲ್ಲ, ಕಳಿಸದೆ ಹೊಗೆ ಬಂದರೆ ನಾನೇ ಅವಳ ಪಾಲಿನ ಶತ್ರು. ಬಸ್ಸು ಕೆರೆಯ ಏರಿಯ ಮೇಲೆ ತಿರುಗುತ್ತಿರುವುದು ಕಾಣುತ್ತಿತ್ತು. ನಾವು ಮೂವರೂ ಬಸ್ಸು ನಿಲ್ಲುವ ಮರದ ಕೆಳಗೆ ನಿಂತಿದ್ದೆವು.

ಆಗ ಬೀದಿಯ ಆ ತುದಿಯಿಂದ ಮಕ್ಕಳ ಗುಂಪನ್ನು ಬಿಟ್ಟು ಒಬ್ಬಳು ಓಡಿಬಂದಳು. ಲಂಗವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಧೂಳೆಬ್ಬಿಸಿಕೊಂಡು, ಎಲ್ಲೂ ನಿಲ್ಲದೆ, ಯಾವ ಕಂಬವನ್ನೂ ಹಿಡಿಯದೆ. ನನ್ನ ಮಗಳು ಓಡುವುದನ್ನು ನಾನು ಅದೇ ಮೊದಲು ನೋಡಿದ್ದು. ಬಂದು ನಿಂತವಳೇ ಅತ್ತೆಯ ಮುಖ ನೋಡಿ, "ನಾನು ಬರಲ್ಲ ಅತ್ತೆ, ನಂಗೆ ಇಲ್ಲೇ ಸ್ಕೂಲಿದೆ, ನಾಳೆ ಓಟದ ಆಟಕ್ಕೆ ನನ್ನೂ ಸೇರಿಸ್ಕೊಂಡಿದಾರೆ, ನೀವೇ ಹಬ್ಬಕ್ಕೆ ಬನ್ನಿ" ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದಳು.

ಸೋಮಕ್ಕ ಅವಳ ಬೆನ್ನ ಮೇಲೆ ಕೈಯಿಟ್ಟರು. ಒಳಗೆ ಗೊರಗೊರ ಇದೆಯೇ ಎಂದು ಬಹಳ ಹೊತ್ತು ಹಾಗೇ ಇಟ್ಟುಕೊಂಡು ನೋಡಿದರು. ಬಸ್ಸು ಬಂದು ನಿಂತು ಹಾರ್ನು ಹೊಡೆಯಿತು. ಅವರು ಕಣ್ಣೊರೆಸಿಕೊಂಡು ಮೆಟ್ಟಿಲು ಹತ್ತಿದರು. ಕಂಡಕ್ಟರಿಗೆ ಅವರು ಹೇಳಿದ್ದು ಕೆಳಗೆ ನಿಂತ ನನಗೆ ಸ್ಪಷ್ಟವಾಗಿ ಕೇಳಿಸಿತು.

"ಎರಡು ಸೀಟು ಹಿಡಿದಿರು ಅಂದಿದ್ನಲ್ಲಪ್ಪ, ಅದರಲ್ಲೊಂದು ಬೇರೆ ಯಾರಿಗಾದ್ರೂ ಕೊಟ್ಬಿಡು."